ನೀರಿನ ಲೆಕ್ಕ ಬರೆದ ಫೆಲಿಕ್ಸ್ ಬ್ಲಾಕ್

ಬೆನ್ನು ನೋವು, ಮಂಡಿ ನೋವು ಅಂತ ಆಸ್ಪತ್ರೆಗೆ ಹೋಗಿ, ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಿ ಬಂದವರು ನಮ್ಮ ಬಳಗದಲ್ಲೂ ಇದ್ದಾರೆ. ಆ ಯಂತ್ರ ಮುಖ್ಯವಾಗಿ ಹಿಡಿಯುವುದು ನಮ್ಮ ಮೈಯ ನೀರಿನಲ್ಲಿರುವ ಪ್ರೋಟಾನುಗಳ ಸಂಕೇತವನ್ನು. ಅದರ ಮೂಲ ಲೆಕ್ಕ ಬರೆದುಕೊಟ್ಟ ಫೆಲಿಕ್ಸ್ ಬ್ಲಾಕ್ ಕೂಡ ಪರದೇಶದಲ್ಲಿ ಬದುಕು ಕಟ್ಟಿದವರು. ನಾವು ಕೆಲಸ ಹುಡುಕಿಕೊಂಡು ಬಂದೆವು. ಅವರು ಇದ್ದ ಕೆಲಸ ಬಿಟ್ಟು ಹೊರಡಬೇಕಾಯಿತು.

1905ರ ಅಕ್ಟೋಬರ್ 23ರಂದು ಸ್ವಿಟ್ಜರ್ಲೆಂಡಿನ ಜೂರಿಕ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಎಂಜಿನಿಯರಿಂಗ್‌ಗೆ ಸೇರಿದರೂ ಮನಸ್ಸು ಭೌತಶಾಸ್ತ್ರದ ಕಡೆ ಎಳೆಯಿತು. ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ, ಹೈಸೆನ್‌ಬರ್ಗ್ ಅವರ ಶಿಷ್ಯರಾಗಿ 1928ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅಲ್ಲೇ ಪಾಠ ಹೇಳತೊಡಗಿದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಬ್ಲಾಕ್ ಜರ್ಮನಿ ಬಿಟ್ಟರು. ಮರುವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೆಲೆ ಸಿಕ್ಕಿತು.

ಯುದ್ಧಕಾಲದಲ್ಲಿ ರೇಡಾರ್‌ಗೆ ಸಂಬಂಧಿಸಿದ ಕೆಲಸ ಮಾಡುತ್ತಾ ರೇಡಿಯೋ ತಂತ್ರ ಕೈಗೆ ಹತ್ತಿತು. ಅದು ವ್ಯರ್ಥವಾಗಲಿಲ್ಲ. 1946ರಲ್ಲಿ ಹ್ಯಾನ್ಸನ್, ಪ್ಯಾಕರ್ಡ್ ಜೊತೆಗೂಡಿ, ಅಯಸ್ಕಾಂತದ ನಡುವೆ ನೀರಿಟ್ಟು, ರೇಡಿಯೋ ತರಂಗ ಹಾಯಿಸಿ, ಪ್ರೋಟಾನುಗಳ ಮರುದನಿಯನ್ನು ತಂತಿಸುರುಳಿಯಲ್ಲಿ ಹಿಡಿದರು. ಅದೇ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಪರ್ಸೆಲ್ ತಂಡ ಪ್ಯಾರಾಫಿನ್ ಮೇಣದಲ್ಲಿ ಇದನ್ನೇ ಕಂಡಿತ್ತು. 1952ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ರೇಡಿಯೋ ತರಂಗದಿಂದ ಕದಲಿದ ಪ್ರೋಟಾನುಗಳು ಎಷ್ಟು ಹೊತ್ತಿನಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತವೆ? ಇದನ್ನು ಹೇಳುವುದೇ ಬ್ಲಾಕ್ ಸಮೀಕರಣಗಳು. ಆದರೆ ಮೈಯೊಳಗೆ ನೀರು ಒಂಟಿಯಲ್ಲ. ಅದರ ಜೊತೆಗಿರುವ ಪ್ರೋಟೀನು ಮುಂತಾದವುಗಳ ಕೆಲವು ಪ್ರೋಟಾನುಗಳು ಕಳಚಿಕೊಂಡು ನೀರಿಗೆ ಹೋಗುತ್ತವೆ, ನೀರಿನವು ಇಲ್ಲಿಗೆ ಬರುತ್ತವೆ. 1958ರಲ್ಲಿ ಮೆಕಾನೆಲ್ ಎಂಬ ಅಮೆರಿಕದ ವಿಜ್ಞಾನಿ ಬ್ಲಾಕ್ ಸಮೀಕರಣಗಳಿಗೆ ಈ ಹೋಗಿಬರುವ ಲೆಕ್ಕವನ್ನೂ ಸೇರಿಸಿದರು. ಎರಡು ಮನೆಗೆ ಎರಡು ಖಾತೆ, ನಡುವೆ ಕೊಡು-ಕೊಳ್ಳುವಿಕೆ ಅಂದುಕೊಳ್ಳಿ.

ಇದರಿಂದ ಏನು ಲಾಭ? ಕರಗಿರುವ ವಸ್ತು ತೀರಾ ಕಡಿಮೆ, ಅದರ ದನಿ ನೇರವಾಗಿ ಕೇಳಿಸದು. ಅದರ ಪ್ರೋಟಾನುಗಳಿಗಷ್ಟೇ ಹೊಂದುವ ತರಂಗ ಬಿಟ್ಟು ಅವುಗಳನ್ನು ಮೌನ ಮಾಡಿದರೆ, ಊರಿಂದ ಬಂದವರು ಊರಿನ ಸುದ್ದಿ ತರುವ ಹಾಗೆ, ಅವು ಆ ಮೌನವನ್ನು ನೀರಿಗೆ ಒಯ್ಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ನೀರಿನ ಸಂಕೇತವೇ ತಗ್ಗುತ್ತದೆ. ತಗ್ಗಿದ್ದಕ್ಕೆ ಕಾರಣ ವಸ್ತು ಹೆಚ್ಚಿರುವುದೋ, ವಿನಿಮಯದ ವೇಗ ಬದಲಾದದ್ದೋ? ಬಿಡಿಸಿ ನೋಡಲು ಈ ಸಮೀಕರಣಗಳೇ ಬೇಕು. ಮಿದುಳಿನ ಗಡ್ಡೆಗಳ ಅಧ್ಯಯನದಲ್ಲಿ ಈ ವಿಧಾನ ಇಂದು ಬಳಕೆಯಲ್ಲಿದೆ.

1954ರಲ್ಲಿ ಬ್ಲಾಕ್ ಜಿನೀವಾದ ಸೆರ್ನ್ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದರು. ಮರುವರ್ಷವೇ ಆ ದೊಡ್ಡ ಹುದ್ದೆ ಬಿಟ್ಟು ಸ್ಟ್ಯಾನ್‌ಫರ್ಡ್‌ಗೆ ಮರಳಿದರು. 1983ರ ಸೆಪ್ಟೆಂಬರ್ 10ರಂದು, ಹುಟ್ಟಿದ ಜೂರಿಕ್‌ನಲ್ಲೇ ಕಣ್ಣು ಮುಚ್ಚಿದರು. ಮುಂದಿನ ಸಲ ಆ ಯಂತ್ರದ ಟಕಟಕ ಸದ್ದಿನ ನಡುವೆ ಮಲಗಿದಾಗ, ಇವರನ್ನೊಮ್ಮೆ ನೆನೆಯೋಣ.