ನಿಯಮ ಮುರಿದ ಕೋಚ್, ಬೆಲೆ ತೆತ್ತ ಹುಡುಗರು

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ದಂತಕಥೆ ಪಾಲ್ ಬ್ರಯಂಟ್ 1913ರ ಸೆಪ್ಟೆಂಬರ್ 11ರಂದು ಅರ್ಕನ್ಸಾ ರಾಜ್ಯದ ಬಡ ರೈತ ಕುಟುಂಬವೊಂದರಲ್ಲಿ ಜನಿಸಿದರು. ಬಾಲಕನಾಗಿದ್ದಾಗ ಫೋರ್ಡೈಸ್ ಪಟ್ಟಣದ ಚಿತ್ರಮಂದಿರದಲ್ಲಿ, ನಿಮಿಷಕ್ಕೊಂದು ಡಾಲರ್‌ನ ಆಸೆಗೆ ಕರಡಿಯೊಡನೆ ಸೆಣಸಿದರಂತೆ. ಕಿವಿಗೆ ಗಾಯವಾಯಿತು, ಹಣ ಕೈಸೇರಲಿಲ್ಲ. ಉಳಿದದ್ದು 'ಬೇರ್' ಎಂಬ ಅಡ್ಡಹೆಸರು.

ಅಲಬಾಮಾ ವಿಶ್ವವಿದ್ಯಾಲಯದ ಆಟಗಾರನಾಗಿ, ಬಳಿಕ ಮೇರಿಲ್ಯಾಂಡ್ ಮತ್ತು ಕೆಂಟಕಿ ವಿಶ್ವವಿದ್ಯಾಲಯಗಳ ಕೋಚ್ ಆಗಿ ಹೆಸರು ಮಾಡಿದ ಬ್ರಯಂಟ್, 1954ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಬಂದರು. ಬಂದವರೇ ತಂಡವನ್ನು ಬರಪೀಡಿತ ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಸುಡುಬಿಸಿಲಿನಲ್ಲಿ ಹತ್ತು ದಿನ ದಂಡಿಸಿದರು. ಅಭ್ಯಾಸದ ನಡುವೆ ಕುಡಿಯಲು ನೀರೂ ಇಲ್ಲ. ಅನೇಕರು ರಾತ್ರೋರಾತ್ರಿ ಓಡಿಹೋದರು. ಕೊನೆಗೆ ಉಳಿದವರು ಸುಮಾರು 35 ಮಂದಿ. ಆ ವರ್ಷ ಆಡಿದ 10 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದನ್ನು.

ಹೊಸ ಪ್ರತಿಭೆ ಬೇಕಿತ್ತು. ಹೈಸ್ಕೂಲು ಮುಗಿಸುವ ಆಟಗಾರರಿಗಾಗಿ ಅಲ್ಲಿನ ಕಾಲೇಜುಗಳು ಪೈಪೋಟಿಗೆ ಬೀಳುತ್ತವೆ. ವಿದ್ಯಾರ್ಥಿವೇತನ ಕೊಡಬಹುದಿತ್ತು, ಹಣದ ಆಮಿಷ ಒಡ್ಡುವಂತಿರಲಿಲ್ಲ. ಆದರೆ ತೈಲದ ದುಡ್ಡು ಕಂಡಿದ್ದ ಟೆಕ್ಸಾಸ್‌ನಲ್ಲಿ ಹಳೆಯ ವಿದ್ಯಾರ್ಥಿಗಳ ಕೈ ಸಡಿಲವಾಗಿತ್ತು.

ನಿಯಮ ಜಾರಿಯೂ ಆಗಷ್ಟೇ ಬಿಗಿಯಾಗತೊಡಗಿತ್ತು. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ 1948ರಲ್ಲಿ ತಂದ ಸಂಹಿತೆಯಲ್ಲಿ ಉಚ್ಚಾಟನೆಯೊಂದೇ ಶಿಕ್ಷೆ. ಅದಕ್ಕೆ ಸದಸ್ಯರ ಬೆಂಬಲವೇ ಸಿಗದೆ ಸಂಹಿತೆ ಬಿದ್ದುಹೋಯಿತು. ಮುಂದೆ ವಾಲ್ಟರ್ ಬಯರ್ಸ್ ನೇತೃತ್ವದಲ್ಲಿ ಸಂಸ್ಥೆಗೆ ಹಲ್ಲು ಬಂತು. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ತಂಡ 1952-53ರ ಇಡೀ ಋತುವನ್ನು ಕಳೆದುಕೊಂಡಿತು. ಆಗ ಅದೇ ಕೆಂಟಕಿಯಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದವರು ಬ್ರಯಂಟ್. ಗೊತ್ತಿರಲಿಲ್ಲ ಎನ್ನಲು ಅವರಿಗೆ ದಾರಿಯಿರಲಿಲ್ಲ.

1955ರಲ್ಲಿ ಎ ಅಂಡ್ ಎಂ ತಂಡದ ನೇಮಕಾತಿ ಅಕ್ರಮ ಬಯಲಾಗಿ ನಿರ್ಬಂಧ ಬಿತ್ತು. ಋತುವಿನ ಅಂತ್ಯದಲ್ಲಿ ಶ್ರೇಷ್ಠ ತಂಡಗಳಿಗಷ್ಟೇ ಆಹ್ವಾನವಿರುವ ಪ್ರತಿಷ್ಠಿತ ಬೌಲ್ ಪಂದ್ಯಗಳ ಬಾಗಿಲು ಮುಚ್ಚಿತು. 1956ರಲ್ಲಿ ಅದೇ ತಂಡ ಒಂದೂ ಸೋಲು ಕಾಣದೆ ಸೌತ್‌ವೆಸ್ಟ್ ಪ್ರಾದೇಶಿಕ ಪ್ರಶಸ್ತಿ ಗೆದ್ದಿತು. ಆದರೆ ಕಾಟನ್ ಬೌಲ್‌ಗೆ ಹೋದದ್ದು, ಅವರು 7-6ರಿಂದ ಮಣಿಸಿದ್ದ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ. ಜಂಕ್ಷನ್‌ನ ಬಿಸಿಲು ತಾಳಿಕೊಂಡ ಜ್ಯಾಕ್ ಪಾರ್ಡಿ, ಜೀನ್ ಸ್ಟಾಲಿಂಗ್ಸ್ ಅವರಿಗೆ ಅದು ಕಾಲೇಜಿನ ಕೊನೆಯ ವರ್ಷ. ಆಮಿಷ ಒಡ್ಡಿದವರು ಬೇರೆ, ಮನೆಯಲ್ಲಿ ಕುಳಿತವರು ಇವರು.

ಬ್ರಯಂಟ್‌ಗೆ ಅಂಥ ನಷ್ಟವೇನೂ ಆಗಲಿಲ್ಲ. ಒಪ್ಪಂದದ ಅವಧಿ ಬಾಕಿಯಿರುವಂತೆಯೇ 1957ರ ಕೊನೆಗೆ ತಾವು ಕಲಿತ ಅಲಬಾಮಾಕ್ಕೆ ಹೊರಟರು. ಅಲ್ಲಿ 25 ಋತು, 6 ರಾಷ್ಟ್ರೀಯ ಪ್ರಶಸ್ತಿ. ವೃತ್ತಿಜೀವನದಲ್ಲಿ ಒಟ್ಟು 323 ಗೆಲುವು. ಕೆಲವು ಹುಡುಗರಿಗೆ ಹಣ ಸಂದದ್ದು ನಿಜ, ಪೈಪೋಟಿಗೆ ತಕ್ಕಂತೆ ನಡೆಯಲು ಹಳೆಯ ವಿದ್ಯಾರ್ಥಿಗಳಿಗೆ ತಾವೇ ಸೂಚಿಸಿದ್ದಾಗಿ 1974ರ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಆಗ ಅದಕ್ಕೆ ಶಿಕ್ಷೆಯ ಭಯವಿರಲಿಲ್ಲ. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ನೀಡಲು ಅನುಮತಿ ಸಿಕ್ಕಿದ್ದು 2025ರ ಜುಲೈನಲ್ಲಿ.

ಕೊನೆಯ ಪಂದ್ಯ ಮುಗಿಸಿ ತಿಂಗಳು ತುಂಬುವ ಮುನ್ನವೇ, 1983ರ ಜನವರಿ 26ರಂದು ಬ್ರಯಂಟ್ ಹೃದಯಾಘಾತದಿಂದ ನಿಧನರಾದರು. ಅವರ ಬೆರಳಿನಲ್ಲಿದ್ದುದು ಯಾವ ರಾಷ್ಟ್ರೀಯ ಪ್ರಶಸ್ತಿಯ ಉಂಗುರವೂ ಅಲ್ಲ. 1979ರ ಪುನರ್ಮಿಲನದಲ್ಲಿ ಜಂಕ್ಷನ್‌ನ ಹುಡುಗರು ತೊಡಿಸಿದ್ದ ಉಂಗುರ.