ಜಕಾರ್ತಾದಲ್ಲಿ ಚಿನ್ನ ಗೆಲ್ಲಿಸಿದ ಶಾಲಾ ಮೇಷ್ಟ್ರು

ಮುಸಫ್ಫಾ: ಅಬುಧಾಬಿಯ ಈ ಕೈಗಾರಿಕಾ ಪ್ರದೇಶದಲ್ಲಿ ರಜೆಯ ದಿನ ಬಿಸಿಲು ಇಳಿಯುತ್ತಿದ್ದಂತೆ ಗ್ಯಾರೇಜು, ವರ್ಕ್‌ಶಾಪುಗಳ ನಡುವಿನ ಖಾಲಿ ಮರಳು ಜಾಗದಲ್ಲಿ ಚೆಂಡು ಉರುಳುತ್ತದೆ. ಎರಡು ಕಲ್ಲಿಟ್ಟರೆ ಗೋಲು. ರಾತ್ರಿ ಕ್ಯಾಂಪಿನ ಟಿವಿಯಲ್ಲಿ ಇಂಗ್ಲೆಂಡಿನ ಲೀಗ್ ನಡೆಯುತ್ತಿದ್ದರೆ ಕಿರಿಯರು ಅದರಲ್ಲಿ ಮುಳುಗುತ್ತಾರೆ, ಹಿರಿಯರು ಗೊಣಗಲು ಶುರು ಮಾಡುತ್ತಾರೆ. ಆಗಿನ ಆಟವೇ ಬೇರೆ, ಈಗ ಎಲ್ಲ ದುಡ್ಡಿನ ಆಟ ಎಂಬುದು ಅವರ ವಾದ. ಬೆಂಗಳೂರು ದಂಡುಪ್ರದೇಶದ ಕಡೆಯವರು ಅಹಮದ್ ಖಾನ್ ಹೆಸರು ಎತ್ತುತ್ತಾರೆ. ಬೀದರ್, ಕಲಬುರಗಿ ಕಡೆಯವರು ರಹೀಂ ಸಾಹೇಬರ ಹೆಸರು ಹೇಳುತ್ತಾರೆ. 2024ರಲ್ಲಿ ಅಜಯ್ ದೇವಗನ್ ಅಭಿನಯದ ‘ಮೈದಾನ್’ ಚಿತ್ರ ಬಂದಮೇಲೆ ಕಿರಿಯರಿಗೂ ಈ ಹೆಸರು ಗೊತ್ತಾಗಿದೆ. ಆದರೆ ಸಿನಿಮಾ ಸಿನಿಮಾವೇ. ಅದರ ಆಚೆಗೆ ಸೈಯದ್ ಅಬ್ದುಲ್ ರಹೀಂ ಯಾರು, ಅವರನ್ನು ನೆನೆದಾಗ ನಮ್ಮ ಹಿರಿಯರು ನಿಜಕ್ಕೂ ನೆನೆಯುವುದು ಏನನ್ನು ಎಂದು ಈ ವಾರ ಹೇಳಬೇಕೆನಿಸಿತು.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯೇ ಫುಟ್‌ಬಾಲ್ ಆಡಿದರು. ನಂತರ ಹಿಡಿದದ್ದು ಶಾಲಾ ಶಿಕ್ಷಕರ ಕೆಲಸ. ಕಾಚಿಗುಡದ ಮಾಧ್ಯಮಿಕ ಶಾಲೆಯೂ ಸೇರಿ ನಗರದ ಹಲವು ಶಾಲೆಗಳಲ್ಲಿ ಪಾಠ ಹೇಳಿದರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಬದುಕಿರುವವರೆಗೂ ಆ ಹೊಣೆ ಬಿಡಲಿಲ್ಲ. ದೊಡ್ಡ ಆಟಗಾರ ಎಂಬ ಹೆಸರು ಅವರಿಗೆ ಬರಲಿಲ್ಲ. ಬಂದದ್ದು ಮೇಷ್ಟ್ರು ಎಂಬ ಹೆಸರು.

ಅವರ ಹೈದರಾಬಾದ್ ಎಂದರೆ ನಿಜಾಮರ ಕಾಲದ ಹೈದರಾಬಾದ್. ಇಂದಿನ ಬೀದರ್, ಕಲಬುರಗಿ, ರಾಯಚೂರು ಎಲ್ಲವೂ ಆ ರಾಜ್ಯದೊಳಗೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯ ಒಡೆದು ನಮ್ಮ ಜಿಲ್ಲೆಗಳು ಮೈಸೂರಿಗೆ ಸೇರಿದವು. ಅದಾಗಿ ಮೂರೇ ವಾರಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಯಿತು. ಹಾಗಾಗಿ ಕಲ್ಯಾಣ ಕರ್ನಾಟಕದವರು ರಹೀಂ ಅವರನ್ನು ನಮ್ಮವರು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.

ರಹೀಂ ಹುಡುಗರಿಗೆ ಕಲಿಸಿದ ಬಗೆ ಇಂದಿಗೂ ಕೇಳಲು ಚೆನ್ನಾಗಿದೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ದಾಟಿಸಿ ಓಡುವುದಕ್ಕೆ ಚಪ್ಪಾಳೆ ಬೀಳುತ್ತಿದ್ದ ಕಾಲ ಅದು. ಅವರು ಡ್ರಿಬ್ಲಿಂಗ್‌ಗೆ ಅವಕಾಶವೇ ಇಲ್ಲದ ಟೂರ್ನಿಗಳನ್ನು ನಡೆಸಿದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು, ಕೊಟ್ಟು ಓಡಬೇಕು. ಇನ್ನೊಂದು ಬಗೆಯ ಟೂರ್ನಿಯಲ್ಲಿ ದುರ್ಬಲ ಕಾಲಲ್ಲಿ ಮಾತ್ರ ಒದೆಯಬೇಕು, ಬಲಗಾಲಿನವರು ಎಡಗಾಲಲ್ಲಿ. ಕುಳ್ಳ ಹುಡುಗರು ಎತ್ತರದವರ ಎದುರು ಬೆದರಬಾರದೆಂದು ಎತ್ತರದ ಮಿತಿ ಇಟ್ಟು ಪಂದ್ಯಗಳನ್ನು ಆಡಿಸಿದ್ದೂ ಉಂಟು. ಇದಕ್ಕೆ ಖರ್ಚು ಬೇಕಿರಲಿಲ್ಲ, ವಿದೇಶಿ ಪರಿಣತರೂ ಬೇಕಿರಲಿಲ್ಲ. ತರಗತಿಯಲ್ಲಿ ನಿಧಾನ ಕಲಿಯುವ ಮಗುವನ್ನು ಕಂಡ ಶಿಕ್ಷಕನಿಗೆ ಮಾತ್ರ ಹೊಳೆಯುವ ಉಪಾಯಗಳಿವು ಎಂದು ನಮಗನ್ನಿಸುತ್ತದೆ. (ಮುಸಫ್ಫಾದ ಮರಳಲ್ಲಿ ಆಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಡ್ರಿಬಲ್ ಮಾಡಹೊರಟವನ ಚೆಂಡು ನಾಲ್ಕು ಹೆಜ್ಜೆಗೆ ಹೂತುಹೋಗುತ್ತದೆ.)

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ತರಬೇತಿಯಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಮುಂದಿನ ವರ್ಷ ಮತ್ತೆ ಗೆದ್ದಿತು. ಹೀಗೆ 1954ರವರೆಗೆ ಸತತ ಐದು ಬಾರಿ. ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ ತಂದದ್ದೂ 1950ರಲ್ಲೇ. ಈ ತಂಡದವರು ಪೊಲೀಸ್ ನೌಕರರು. ಬೆಳಗ್ಗೆ ಆಟ, ಆಮೇಲೆ ಡ್ಯೂಟಿ, ತಿಂಗಳಿಗೆ ಸಂಬಳ. ಬಡ ಓಣಿಯ ಹುಡುಗ ಚೆನ್ನಾಗಿ ಆಡಿದರೆ ಅವನಿಗೆ ಸರ್ಕಾರಿ ಕೆಲಸ ಸಿಗುತ್ತಿತ್ತು. ಮನೆ ನಡೆಯುತ್ತಿತ್ತು, ತಂಗಿಯ ಮದುವೆ ಆಗುತ್ತಿತ್ತು. ಬೆಂಗಳೂರಿನಲ್ಲೂ ಇದೇ ಆಗಿತ್ತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ತಂಡ ಕಟ್ಟಿದವು, ಆಟಗಾರರಿಗೆ ಕೆಲಸ ಕೊಟ್ಟವು. ಹಿರಿಯರು ಆಗಿನ ಆಟ ಎಂದು ನಿಟ್ಟುಸಿರಿಡುವಾಗ ಅವರು ಕಳೆದುಕೊಂಡಿರುವುದು ಗೋಲುಗಳನ್ನಲ್ಲ, ಈ ಬಾಗಿಲನ್ನು. ಕಾಲ್ಚಳಕ ಇದ್ದ ಹುಡುಗನಿಗೆ ಊರಲ್ಲೇ ಸಿಗುತ್ತಿದ್ದ ಉದ್ಯೋಗ ಅದು. ಇಂದು ಅದೇ ವಯಸ್ಸಿನ ಹುಡುಗ ಪಾಸ್‌ಪೋರ್ಟ್ ಮಾಡಿಸುತ್ತಾನೆ.

ಬೆಂಗಳೂರಿನ ಹೆಸರು ಬಂದದ್ದರಿಂದ ಒಂದು ಮಾತು ಹೇಳಿಬಿಡಬೇಕು. ಹೈದರಾಬಾದಿಗಿಂತ ಮೊದಲೇ ರೋವರ್ಸ್ ಕಪ್ಪನ್ನು ದಕ್ಷಿಣಕ್ಕೆ ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ, 1937 ಮತ್ತು 1938ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊತ್ತಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ಬಹುತೇಕ ಆಟಗಾರರ ಕಾಲು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿ ಭಾರತ 1–2ರಿಂದ ಸೋತಿತು. ಆ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮರುವರ್ಷ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಮೈಸೂರು ರಾಜ್ಯದ ಕೆಂಪಯ್ಯ ಮೋಹನ್ ಬಾಗಾನ್‌ಗೆ ಹೋದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬೇರೆ ಭಾಷೆಯ ನಡುವೆ ಹೆಸರು ಮಾಡಿದ ಇವರೂ ಹೊರನಾಡ ಕನ್ನಡಿಗರೇ. ಈ ಅಂಕಣದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾಷ್ಟ್ರೀಯ ತಂಡದ ತರಬೇತಿ ರಹೀಂ ಅವರ ಕೈಗೆ ಬಂದದ್ದು ಆ ದಶಕದ ಆರಂಭದಲ್ಲಿ. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಮೇವಾಲಾಲ್ ಅವರದು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 1–10ರ ಸೋಲು. ಆ ಒಂದು ಗೋಲು ಅಹಮದ್ ಖಾನ್ ಅವರದು. ಉತ್ತರದ ಚಳಿಯಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಲ್ಲಿದ್ದರು. ಇದಾದ ಮೇಲೆ ಬೂಟು ಕಡ್ಡಾಯವಾಯಿತು.

ಹಳೆಯ ಆಟದ ಅಭಿಮಾನಿಗಳೊಂದಿಗೆ ನಮಗೆ ತಕರಾರಿರುವುದು ಇಲ್ಲಿಯೇ. ಬರಿಗಾಲ ಆಟವನ್ನು ಅವರು ಹಾಡಿ ಹೊಗಳುತ್ತಾರೆ. ಬರಿಗಾಲಿಗೆ ಅನುಮತಿ ಸಿಗದ್ದರಿಂದಲೇ ಭಾರತ 1950ರ ವಿಶ್ವಕಪ್ ಬಿಟ್ಟಿತು ಎಂಬ ಕಥೆಯನ್ನೂ ಸೇರಿಸುತ್ತಾರೆ. ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದು ನಮ್ಮದೇ ಫೆಡರೇಷನ್. ಬರಿಗಾಲಿನ ಕಥೆಯನ್ನು ಅಗತ್ಯಕ್ಕಿಂತ ಹೆಚ್ಚು ಹೇಳಲಾಗಿದೆ. ಸ್ವತಃ ರಹೀಂ ಬರಿಗಾಲಿನ ಮೋಹಕ್ಕೆ ಬಿದ್ದವರಲ್ಲ. ಕಾಲಕ್ಕೆ ತಕ್ಕಂತೆ ಆಟ ಬದಲಿಸಬೇಕು ಎಂದು ಹಟ ಹಿಡಿದವರು ಅವರು. ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೆರಿಯವರ ಆಟದಿಂದ ಕಲಿತರು. ಮುಂದೆ ಬ್ರೆಜಿಲ್ ಜಗತ್ತಿಗೆಲ್ಲ ಪರಿಚಯಿಸಿದ 4–2–4ರ ವ್ಯೂಹವನ್ನು ಬಹಳ ಬೇಗ ಭಾರತಕ್ಕೆ ತಂದ ಕೀರ್ತಿ ಅವರದು. ಇಂದು ಹಳಬರು ಹಂಬಲಿಸುವ ಮನುಷ್ಯ ತನ್ನ ಕಾಲದಲ್ಲಿ ಎಲ್ಲರಿಗಿಂತ ಹೊಸಬನಾಗಿದ್ದ.

ಮೆಲ್ಬರ್ನ್‌ಗೆ ಹೋದ ತಂಡದಲ್ಲಿ ಕೆಂಪಯ್ಯ ಇದ್ದರು. ಸಿಕಂದರಾಬಾದ್ ಕಡೆಯ ಬಡ ಹುಡುಗ ತುಳಸೀದಾಸ್ ಬಲರಾಮ್ ಕೂಡ ಇದ್ದರು. ಅಭ್ಯಾಸಕ್ಕೆ ಬರಲು ಬಲರಾಮ್ ಬಳಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ರಹೀಂ ತಮ್ಮ ಕೈಯಿಂದ ದುಡ್ಡು ಕೊಟ್ಟರೆಂಬುದು ಹೈದರಾಬಾದಿನ ಫುಟ್‌ಬಾಲ್ ಬಲ್ಲವರೆಲ್ಲ ಹೇಳುವ ವಿಷಯ. ಆ ಸೈಕಲ್ ಸವಾರ ಮುಂದೆ ಎರಡು ಒಲಿಂಪಿಕ್ಸ್ ಆಡಿದರು. ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4–2ರಿಂದ ಮಣಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ನಮ್ಮದು. ಅಲ್ಲಿ ಯುಗೊಸ್ಲಾವಿಯ ಎದುರು ಮೊದಲ ಗೋಲೂ ನಮ್ಮದೇ. ಆದರೆ ಪಂದ್ಯ 1–4ಕ್ಕೆ ಹೋಯಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಗೆದ್ದಿತು. ನಾಲ್ಕನೇ ಸ್ಥಾನ. ಅದಕ್ಕಿಂತ ಮೇಲೆ ಒಲಿಂಪಿಕ್ಸ್‌ನಲ್ಲಿ ನಾವು ಹೋಗಿಲ್ಲ. 1960ರಲ್ಲಿ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮ ಮಾಡಿಕೊಂಡದ್ದೇ ದೊಡ್ಡ ಸಾಧನೆ. ಕೆಂಪಯ್ಯ ಆಗಲೂ ತಂಡದಲ್ಲಿದ್ದರು.

ಇನ್ನು ಜಕಾರ್ತಾ. 1962ರ ಏಷ್ಯನ್ ಗೇಮ್ಸ್‌ಗೆ ತಂಡ ಕರೆದುಕೊಂಡು ಹೋಗುವಾಗ ರಹೀಂ ಅವರ ದೇಹ ಕ್ಯಾನ್ಸರ್‌ನಿಂದ ಸೊರಗುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 0–2ರ ಸೋಲು. ಥಾಯ್ಲೆಂಡ್ ವಿರುದ್ಧ ಗೆದ್ದರೂ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು ಅವರಿಲ್ಲದೆಯೇ 2–0ಯಿಂದ ಸೋಲಿಸಿದ್ದಾಯಿತು. ಸೆಮಿಫೈನಲ್‌ಗೆ ರಹೀಂ ತೆಗೆದುಕೊಂಡ ತೀರ್ಮಾನ ಯಾರೂ ನಿರೀಕ್ಷಿಸಿದ್ದಲ್ಲ. ಹೊಲಿಗೆ ಹಾಕಿದ ತಲೆಯ ಜರ್ನೈಲ್ ಅವರನ್ನು ಹಿಂದಿನಿಂದ ಎತ್ತಿ ಮುಂಚೂಣಿಗೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದರು. ಜರ್ನೈಲ್ ಗೋಲು ಹೊಡೆದರು, ದಕ್ಷಿಣ ವಿಯೆಟ್ನಾಂ 3–2ರಿಂದ ಸೋತಿತು.

ಫೈನಲ್ ಸೆಪ್ಟೆಂಬರ್ 4ರಂದು, ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೊನೇಷ್ಯ ಪ್ರವೇಶ ಕೊಡದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಊರಿಗೆ ಊರೇ ಭಾರತದ ಮೇಲೆ ಸಿಟ್ಟಾಗಿತ್ತು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆದಿತ್ತು. ಸುಮಾರು ಒಂದು ಲಕ್ಷ ಜನ ತುಂಬಿದ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿತ್ತು. ಅಲ್ಲಿ ನಮ್ಮವರಿಗಾಗಿ ಕೂಗಿದವರು ಅದೇ ಕೂಟದ ಹಾಕಿ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿದ ಪಾಕಿಸ್ತಾನದ ಆಟಗಾರರು ಎಂಬುದನ್ನು ಆ ತಂಡದವರು ಕೊನೆವರೆಗೂ ಹೇಳುತ್ತ ಬಂದರು. ಪೇಶಾವರದವನೊಬ್ಬ, ಕಲಬುರಗಿಯವನೊಬ್ಬ ಒಂದೇ ಪಾತ್ರೆಯ ಚಹಾ ಹಂಚಿಕೊಳ್ಳುವ ಮುಸಫ್ಫಾದ ಕ್ಯಾಂಪುಗಳಲ್ಲಿ ಇದು ಅಚ್ಚರಿಯ ಸುದ್ದಿಯೇ ಅಲ್ಲ. ಜ್ವರದಿಂದ ಬಳಲಿದ್ದ ಪೀಟರ್ ತಂಗರಾಜ್ ಅವರನ್ನೇ ರಹೀಂ ಗೋಲಿಗೆ ನಿಲ್ಲಿಸಿದರು. ಮೊದಲ 20 ನಿಮಿಷಗಳಲ್ಲೇ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಕೊರಿಯಕ್ಕೆ ಕೊನೆಗೆ ಒಂದು ಸಿಕ್ಕಿತು. 2–1, ಚಿನ್ನ.

ಮರುವರ್ಷ, 1963ರ ಜೂನ್ 11ರಂದು, ರಹೀಂ ತೀರಿಕೊಂಡರು. ವಯಸ್ಸು 53. ತರಬೇತುದಾರರಿಗೆಂದು ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಆರಂಭಿಸುವ ಹೊತ್ತಿಗೆ ಅವರು ಹೋಗಿ 22 ವರ್ಷಗಳಾಗಿದ್ದವು. ಮಗ ಎಸ್.ಎಸ್. ಹಕೀಂ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ನಂತರ ಅಂತರರಾಷ್ಟ್ರೀಯ ರೆಫರಿಯಾದರು, 2021ರಲ್ಲಿ ನಿಧನರಾದರು. ರಹೀಂ ಕಟ್ಟಿದ್ದ ತಂಡದ ಕಾವು ಇನ್ನೂ ಸ್ವಲ್ಪ ಕಾಲ ಉಳಿದಿತ್ತು. 1964ರ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಪದಕ ಬಂದಿಲ್ಲ.

ಹಾಗಾದರೆ ಹಿರಿಯರ ಗೊಣಗಾಟ ಸರಿಯೇ? ಅರ್ಧ ಸರಿ. ಆಗ ಗಾಯಗೊಂಡವನಿಗೆ ಇಂದಿನ ಚಿಕಿತ್ಸೆ ಇರಲಿಲ್ಲ. ಈಗಿನ ಹುಡುಗರ ಓಟ, ದೇಹಶಕ್ತಿ ಆಗಿನವರಿಗೆ ಕನಸು. 2019ರ ಜನವರಿಯಲ್ಲಿ ಏಷ್ಯನ್ ಕಪ್ ಇಲ್ಲಿಗೇ ಬಂದಾಗ, ಅಬುಧಾಬಿಯ ಅಲ್ ನಹ್ಯಾನ್ ಕ್ರೀಡಾಂಗಣದಲ್ಲಿ ಭಾರತ ಥಾಯ್ಲೆಂಡನ್ನು 4–1ರಿಂದ ಸೋಲಿಸಿತು. ಜಕಾರ್ತಾದಲ್ಲಿ ರಹೀಂ ಅವರ ತಂಡ ಅದೇ ಥಾಯ್ಲೆಂಡ್ ವಿರುದ್ಧ ಗೆದ್ದದ್ದೂ ಇದೇ 4–1ರಿಂದ. ನಾಲ್ಕು ದಿನಗಳ ನಂತರ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ, ಮುಸಫ್ಫಾ ಸೇತುವೆ ದಾಟಿದರೆ ಸಿಗುವ ಅದೇ ಮೈದಾನದಲ್ಲಿ, ಯುಎಇ ಎದುರು 0–2ರ ಸೋಲು. ಆಟ ಸತ್ತಿಲ್ಲ. ಆದರೆ ಶಾಲೆಯ ಮೈದಾನದಿಂದ ಸರ್ಕಾರಿ ಕೆಲಸಕ್ಕೆ, ಅಲ್ಲಿಂದ ದೇಶದ ತಂಡಕ್ಕೆ ಇದ್ದ ಆ ದಾರಿ ಕಿರಿದಾಗಿದೆ. ಅದನ್ನು ಹಾಕಿಕೊಟ್ಟವರು ಕ್ಲಬ್ ಮಾಲೀಕರಲ್ಲ, ಸಂಬಳಕ್ಕೆ ದುಡಿದ ಮೇಷ್ಟ್ರುಗಳು.

ನಮ್ಮ ರಾಜ್ಯದ ಸುದ್ದಿಯೂ ಒಂದಿದೆ. ಮೈಸೂರು ಎಂಬ ಹೆಸರಲ್ಲಿ ನಾವು ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಬಾರಿ, ಕೊನೆಯದು 1968–69ರಲ್ಲಿ. ಕರ್ನಾಟಕ ಎಂಬ ಹೆಸರಲ್ಲಿ ಮೊದಲ ಬಾರಿ ಗೆದ್ದದ್ದು 2023ರ ಮಾರ್ಚ್ 4ರಂದು, ಮೇಘಾಲಯವನ್ನು 3–2ರಿಂದ ಸೋಲಿಸಿ. ಆ ಫೈನಲ್ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಕೋಲ್ಕತ್ತದಲ್ಲೂ ಅಲ್ಲ. ಟೂರ್ನಿಯ ಇತಿಹಾಸದಲ್ಲೇ ಮೊದಲ ಸಲ ದೇಶದ ಹೊರಗೆ, ಸೌದಿಯ ರಿಯಾದ್‌ನಲ್ಲಿ. ಇಲ್ಲಿಂದ ಅಲ್ಲಿಗೆ ಹೋಗಿಬರಲು ವೀಸಾ ಬೇಕು, ರಜೆ ಬೇಕು. ಮುಸಫ್ಫಾದ ಪಾಲಿಗೆ ಅದು ಫೋನಿನ ಪರದೆಯ ಪಂದ್ಯವಾಯಿತು.