ಮನೆ ಮಾರಿ ಮುದ್ರಣಾಲಯ ಕೊಂಡ ವಕೀಲರು: ಡಾ. ಫ. ಗು. ಹಳಕಟ್ಟಿ

ವಿಜಯಪುರ ಎಂದಾಕ್ಷಣ ನಮ್ಮ ಕರಾವಳಿಯವರಿಗೆ ನೆನಪಾಗುವುದು ಗೋಳಗುಮ್ಮಟ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿ, ಮೆಟ್ಟಿಲು ಹತ್ತಿ, ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿ ಬಂದವರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಕನ್ನಡದ ಹಿರಿಯ ಸಾಹಿತಿ ಬಿ. ಎಂ. ಶ್ರೀಕಂಠಯ್ಯನವರು ಒಮ್ಮೆ ಆ ಊರಿಗೆ ಹೋದಾಗ, ಗೋಳಗುಮ್ಮಟಕ್ಕಿಂತ ಮೊದಲು ವಚನಗಳ ಗುಮ್ಮಟವನ್ನು ನೋಡಬೇಕೆಂದು ಕೇಳಿದರಂತೆ. ಅವರು ನೋಡಬಯಸಿದ್ದು ಬಾಡಿಗೆ ಮನೆಯಲ್ಲಿ ವಾಸವಾಗಿದ್ದ ಒಬ್ಬ ವಕೀಲರನ್ನು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಹಾಗೂ ಲೇಖಕರು. ತಾಯಿ ದಾನಮ್ಮನವರು ಮಗು ಚಿಕ್ಕದಿರುವಾಗಲೇ ತೀರಿಕೊಂಡುದರಿಂದ ಅಜ್ಜಿಯ ಆರೈಕೆಯಲ್ಲಿ ಬೆಳೆದರು. ಮೆಟ್ರಿಕ್ ಮುಗಿಸಿ ಮುಂಬಯಿಗೆ ಹೋದ ಈ ಹುಡುಗ ಸೇರಿದ್ದು ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸಂತ ಜೇವಿಯರ್ ಕಾಲೇಜನ್ನು. ನಮ್ಮ ಓದುಗರಿಗೆ ಇದು ಸಂತೋಷದ ವಿಷಯವೇ. ಆಲೂರು ವೆಂಕಟರಾಯರ ಪರಿಚಯವಾದದ್ದು ಅದೇ ಮುಂಬಯಿಯಲ್ಲಿ. ಗುಜರಾತಿ, ಮರಾಠಿ ಜನರು ತಮ್ಮ ಭಾಷೆಯ ಬಗ್ಗೆ ಇಟ್ಟುಕೊಂಡಿದ್ದ ಅಭಿಮಾನವನ್ನು ಕಂಡು, ಕನ್ನಡದ ಸ್ಥಿತಿಯ ಬಗ್ಗೆ ಅವರಿಗೆ ಕಳವಳವಾಯಿತು. 1904ರಲ್ಲಿ ಕಾನೂನು ಪದವಿ ಪಡೆದು ಬೆಳಗಾವಿಯಲ್ಲಿ ವಕೀಲಿ ಆರಂಭಿಸಿದರು. ಬಳಿಕ ಬಿಜಾಪುರಕ್ಕೆ ಬಂದವರು ಕೊನೆಯ ತನಕ ಅಲ್ಲಿಯೇ ಉಳಿದರು.

ಆ ಕಾಲದ ಬಿಜಾಪುರ ಬರಗಾಲದ ಜಿಲ್ಲೆ. ಇಂದು ಪ್ರತ್ಯೇಕ ತಾಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರ ಆಗ ಬಿಜಾಪುರ ತಾಲೂಕಿನೊಳಗೇ ಇದ್ದವು. ಆ ಭಾಗದ ಕರಿಮಣ್ಣಿನ ಹೊಲಗಳಲ್ಲಿ ಮಳೆ ಬಂದರೆ ಜೋಳ, ಬಾರದಿದ್ದರೆ ಸಾಲ. ಇಂದು ದ್ರಾಕ್ಷಿ ತೋಟಗಳಿಗೆ ಹೆಸರಾದ ಈ ಸೀಮೆಯ ಅಂದಿನ ಒಕ್ಕಲು ಮಕ್ಕಳಿಗೆ ಸಾಲ ಕೊಡುವ ಸಹಕಾರಿ ಬ್ಯಾಂಕಾಗಲಿ, ಓದಲು ಹತ್ತಿರದಲ್ಲಿ ಶಾಲೆಯಾಗಲಿ ಇರಲಿಲ್ಲವೆಂದರೂ ಸರಿ. ಹಳಕಟ್ಟಿಯವರು 1910ರಲ್ಲಿ ಸಂಗಡಿಗರನ್ನು ಕೂಡಿಸಿ ಬಿ.ಎಲ್.ಡಿ.ಇ. ಎಂದು ಇಂದು ಎಲ್ಲರಿಗೂ ಗೊತ್ತಿರುವ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ನಗರಸಭೆಯಲ್ಲಿದ್ದಾಗ ಭೂತನಾಳ ಕೆರೆಯ ಮೂಲಕ ಊರಿಗೆ ಕುಡಿಯುವ ನೀರು ಬರುವಂತೆ ಶ್ರಮಿಸಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಸರಕಾರಿ ವಕೀಲಿಯೂ ಅವರ ಪಾಲಿಗೆ ಬಂದಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೂ ಒಬ್ಬ ಗೌರವಾನ್ವಿತ ಊರ ಹಿರಿಯರಾಗಿ ಸುಖವಾಗಿ ಬಾಳಬಹುದಿತ್ತು.

ಆದರೆ ಕೃಷ್ಣಾ ನದಿಯ ಆಚೆಗಿನ ರಬಕವಿಯಲ್ಲಿ ಒಂದು ಮನೆಯವರು ಜೋಪಾನವಾಗಿಟ್ಟಿದ್ದ ತಾಡವೋಲೆಗಳನ್ನು ಅವರು ಯೌವನದಲ್ಲೇ ಕಂಡಿದ್ದರು. 12ನೆಯ ಶತಮಾನದ ಬಸವಣ್ಣ, ಅಲ್ಲಮಪ್ರಭು ಮುಂತಾದ ಶರಣರ ವಚನಗಳು ಅದರಲ್ಲಿದ್ದವು. ಅಂಬಿಗರು, ಮಡಿವಾಳರು, ಸಮಗಾರರು, ಹೆಂಗಸರು, ಹೀಗೆ ದುಡಿದು ಉಣ್ಣುವ ಜನರೆಲ್ಲ ಆಡುಮಾತಿನಲ್ಲಿ ದೇವರೊಡನೆ ಮಾತಾಡಿದ್ದ ಈ ಸಾಹಿತ್ಯದ ಬಹುಭಾಗ ಇನ್ನೂ ಅಚ್ಚಾಗಿರಲಿಲ್ಲ. ಓಲೆಗರಿಗಳು ಮನೆಮನೆಗಳಲ್ಲಿ, ಮಠಗಳಲ್ಲಿ ಹುಳ ತಿನ್ನುತ್ತ ಬಿದ್ದಿದ್ದವು. ಕೆಲವರು ಅವಕ್ಕೆ ಹೂ ಏರಿಸಿ ಪೂಜಿಸುತ್ತಿದ್ದರೇ ವಿನಾ ಬಿಚ್ಚಿ ಓದುತ್ತಿರಲಿಲ್ಲ, ಇತರರಿಗೆ ಕೊಡುತ್ತಲೂ ಇರಲಿಲ್ಲ.

ಇಲ್ಲಿಂದ ಸುರುವಾದದ್ದು ಅರ್ಧ ಶತಮಾನಕ್ಕೂ ಮೀರಿದ ದಿನನಿತ್ಯದ ಕೆಲಸ. ಅದು ಎಂತಹ ಕೆಲಸ ಎಂಬುದನ್ನು ಸ್ವಲ್ಪ ವಿವರಿಸಬೇಕು. ತಾಡವೋಲೆಯ ಬರಹದಲ್ಲಿ ಪದಗಳ ನಡುವೆ ಜಾಗವಿಲ್ಲ, ಅಲ್ಪವಿರಾಮ ಪೂರ್ಣವಿರಾಮಗಳಿಲ್ಲ. ಅಕ್ಷರದ ರೂಪವೂ ಹಳತು. ಗರಿಗೆ ಮಸಿ ಸವರಿದರೆ ಮಾತ್ರ ಕೊರೆದ ಅಕ್ಷರ ಕಾಣುತ್ತದೆ, ಒತ್ತಿ ಹಿಡಿದರೆ ಗರಿಯೇ ಮುರಿಯುತ್ತದೆ. ಒಂದು ಪ್ರತಿಯಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ. ಎರಡನ್ನೂ ಎದುರಿಗಿಟ್ಟು ಹೋಲಿಸಿ, ಇದು ಯಾರ ವಚನ, ಯಾವುದು ಸರಿಯಾದ ಪಾಠ ಎಂದು ತೀರ್ಮಾನಿಸಿ, ಕೈಯಿಂದ ನಕಲು ಮಾಡಿಕೊಳ್ಳಬೇಕು. ಜೆರಾಕ್ಸ್ ಇರಲಿಲ್ಲ, ಸ್ಕ್ಯಾನರ್ ಇರಲಿಲ್ಲ. ಕೋರ್ಟಿನ ಕೆಲಸದ ಜೊತೆಯಲ್ಲೇ ಇದನ್ನು ಮಾಡಿದರು. ಹಳ್ಳಿ ಹಳ್ಳಿ ಅಲೆದು ಸಾವಿರದಷ್ಟು ಹಸ್ತಪ್ರತಿಗಳನ್ನು ಕೂಡಿಸಿದರೆಂದು ಹೇಳುತ್ತಾರೆ. ಅವರು ಕೆಲಸಕ್ಕೆ ಇಳಿದಾಗ ಹೆಸರು ತಿಳಿದಿದ್ದ ವಚನಕಾರರು ಸುಮಾರು 50 ಮಂದಿ. ಅವರ ಶ್ರಮದಿಂದ ಆ ಸಂಖ್ಯೆ 250ರ ಹತ್ತಿರಕ್ಕೆ ಬಂತು.

ಹೀಗೆ ಸಿದ್ಧವಾದ ವಚನಶಾಸ್ತ್ರಸಾರ ಎಂಬ ಗ್ರಂಥದ ಹಸ್ತಪ್ರತಿಯನ್ನು ಅಚ್ಚಿಗೆ ಕಳುಹಿಸಿದ್ದು ನಮ್ಮ ಮಂಗಳೂರಿಗೆ, ಬಾಸೆಲ್ ಮಿಶನ್ ಮುದ್ರಣಾಲಯವೆಂದೇ ಹೆಸರಾದ ಪ್ರೆಸ್ಸಿಗೆ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕನ್ನಡಕ್ಕೆ ಕಿಟೆಲ್ ನಿಘಂಟನ್ನು ಕೊಟ್ಟ ಆ ಪ್ರೆಸ್ಸಿನಲ್ಲಿ ಇದು ಮಾತ್ರ ಅಚ್ಚಾಗದೆ ಮರಳಿ ಬಂತು. ಕ್ರೈಸ್ತ ಪ್ರಚಾರಕ್ಕೆ ಇದು ಅಡ್ಡಿಯಾದೀತೆಂದು ಅಲ್ಲಿಯವರಿಗೆ ಅನಿಸಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಹಾಗಿದ್ದರೆ ಅದು ನಮ್ಮ ಊರಿನ ನಷ್ಟವೆಂದೇ ಹೇಳಬೇಕು. ಹಳಕಟ್ಟಿಯವರು ಅದಕ್ಕಾಗಿ ಜಗಳಕ್ಕೆ ನಿಲ್ಲಲಿಲ್ಲ. 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಮೊದಲ ಭಾಗ ಹೊರಬಂತು.

ಬೇರೆಯವರ ಪ್ರೆಸ್ಸನ್ನು ನಂಬಿ ಕುಳಿತರೆ ಈ ರಾಶಿ ಮುಗಿಯುವುದಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಆಗ ಅವರು ಮಾಡಿದ ಕೆಲಸ ಇಂದಿಗೂ ಬೆರಗು ಹುಟ್ಟಿಸುತ್ತದೆ. ತಮ್ಮ ಸ್ವಂತ ಮನೆಯನ್ನೇ ಮಾರಿ ಬಿಜಾಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ ಪ್ರಾರಂಭವಾದವು. ಲೇಖನ ಬರೆಯುವುದು, ಸಂಪಾದಿಸುವುದು, ಪ್ರೂಫ್ ತಿದ್ದುವುದು ಎಲ್ಲವೂ ಅವರ ತಲೆಯ ಮೇಲೆಯೇ ಇತ್ತು. ಚಂದಾದಾರರು ಕಡಿಮೆ, ಕಾಗದದ ಬಾಕಿ ಮಾತ್ರ ಏರುತ್ತಿತ್ತು. ಧರ್ಮಕೇಂದ್ರದ ಪತ್ರಿಕೆಯನ್ನು ಒಂದೆರಡು ವರ್ಷ ಹೊರತಂದು ಸೋತು ಕೈಬಿಟ್ಟವರಿಗೆ ಇದರ ಕಷ್ಟ ಚೆನ್ನಾಗಿ ಅರ್ಥವಾದೀತು. ಹಳಕಟ್ಟಿಯವರು ಶಿವಾನುಭವವನ್ನು ಸುಮಾರು 35 ವರ್ಷ ನಡೆಸಿದರು.

ಈ ಔದಾರ್ಯದ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಬಾಡಿಗೆ ಮನೆಯಲ್ಲಿ, ಕೈಕಟ್ಟಿದ ಸಂಸಾರದಲ್ಲಿ ದಿನ ಕಳೆಯಬೇಕಾಯಿತು. ಚೆನ್ನಾಗಿ ಗಳಿಸಬಲ್ಲ ಮನೆಯೊಡೆಯ ಕಕ್ಷಿದಾರರನ್ನು ಬಿಟ್ಟು ಓಲೆಗರಿಗಳ ಮುಂದೆ ಕುಳಿತರೆ ಅಡುಗೆಮನೆಯ ಡಬ್ಬಿಗಳು ತುಂಬುವುದಿಲ್ಲ. ಮಹಾಪುರುಷರ ಚರಿತ್ರೆ ಬರೆಯುವಾಗ ನಾವು ತ್ಯಾಗ ಎಂಬ ಒಂದೇ ಪದ ಹಾಕಿ ಮುಂದೆ ಹೋಗುತ್ತೇವೆ; ಆ ತ್ಯಾಗದಲ್ಲಿ ಕೇಳದೆಯೇ ಪಾಲು ಕೊಟ್ಟ ಹೆಂಗಸರ ಹೆಸರು ಹೆಚ್ಚಾಗಿ ಒಂದು ಸಾಲಿಗೆ ಮುಗಿಯುತ್ತದೆ. ಈ ಬರಹದಲ್ಲೂ ಅದಕ್ಕಿಂತ ತುಂಬಾ ಹೆಚ್ಚೇನೂ ಇಲ್ಲ.

ಗೌರವಗಳು ಬಾರದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬ್ರಿಟಿಷ್ ಸರಕಾರ ರಾವ್ ಬಹದ್ದೂರ್ ಎಂದು ಕರೆಯಿತು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಜನರು ಪ್ರೀತಿಯಿಂದ ವಚನ ಪಿತಾಮಹ ಎಂದರು. ಇಷ್ಟೆಲ್ಲ ಆದರೂ ಅವರ ಉಡುಗೆ ತೊಡುಗೆಯ ಬಡತನ ನೀಗಲಿಲ್ಲ. ಫಕೀರಪ್ಪ ಎಂಬ ಹೆಸರಿಗೆ ಸರಿಯಾಗಿಯೇ ಬಾಳಿದರು ಎಂದರೆ ತಪ್ಪಾಗಲಾರದು.

ವಯಸ್ಸು 80 ದಾಟುವ ತನಕ ಪತ್ರಿಕೆಯ ಕೆಲಸ ಬಿಡಲಿಲ್ಲ. ನಾವು ಸಂತ ಪೇತ್ರ ಮತ್ತು ಪೌಲರ ಹಬ್ಬವನ್ನು ಆಚರಿಸುವ ಜೂನ್ 29ರಂದು, 1964ರಲ್ಲಿ, ಬಿಜಾಪುರದಲ್ಲಿ ನಿಧನರಾದರು. 84 ತುಂಬಲು ಮೂರೇ ದಿನ ಬಾಕಿ ಇತ್ತು. ಸಂಗ್ರಹಿಸಿದ ಎಲ್ಲವನ್ನೂ ಅಚ್ಚು ಮಾಡಿಸಲು ಆಯುಷ್ಯ ಸಾಲಲಿಲ್ಲ. ಬಿ.ಎಲ್.ಡಿ.ಇ. ಸಂಸ್ಥೆ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವನ್ನು ತೆರೆದು, ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಾಗಿ ಪ್ರಕಟಿಸಿದೆ. ಹುಟ್ಟಿ 100 ವರ್ಷವಾದ 1980ರಲ್ಲಿ ಅದೇ ಸಂಸ್ಥೆ ವಿಜಯಪುರದಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಅದಕ್ಕೂ ಹಳಕಟ್ಟಿಯವರದೇ ಹೆಸರು. ತಿಕೋಟಾ, ಬಬಲೇಶ್ವರ ಕಡೆಯ ಮಕ್ಕಳಿಗೆ ಆ ಕಾಲೇಜು ಈಗ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಮರಳುವಷ್ಟು ಹತ್ತಿರದಲ್ಲಿದೆ.